ಗೆರೆಯ ಎರಡು ತುದಿ

ಕ್ಯಾಮೆರಾವನ್ನು ದಕ್ಷಿಣಕ್ಕೆ ತಿರುಗಿಸಬೇಕೆಂದು ತಾನು ಮೊದಲೇ ಅಂದುಕೊಂಡಿದ್ದನೇ? ಅಂದುಕೊಂಡಿರಲೂಬಹುದು. ಉತ್ತರಕ್ಕೆ ಹೊಸ ಕಟ್ಟಡದ ದೀಪಗಳ ಕಾಟ. ಪಡುವಣಕ್ಕೆ ಮರ. ಪೂರ್ವಕ್ಕೆ ಚಂದ್ರ. ನೆತ್ತಿಯ ಭಾಗವನ್ನು ಹಿಂದಿನ ವಾರವೇ ಜಾಲಾಡಿ ಆಗಿತ್ತು. ಉಳಿದದ್ದು ದಕ್ಷಿಣವೇ ತಾನೇ. ಯಾರು ಕೇಳಿದರೂ ಒಪ್ಪುವಂಥ ಮಾತು. ಒಪ್ಪುವಂಥ ಮಾತು ಎಂದು ಅನ್ನಿಸಿದ್ದೇ ಅವನನ್ನು ಚುಚ್ಚಿತು. ನಿಜಕ್ಕೆ ಇಷ್ಟೊಂದು ಕಾರಣಗಳು ಯಾಕೆ ಬೇಕು?

"ಏನಪ್ಪಾ, ನನ್ನನ್ನ ಇಲ್ಲೇ ಮುಗಿಸೋ ಯೋಚನೆನಾ?"

ಎಕ್ಸ್‌ರೇ ಹಲಗೆಗೆ ಎದೆ ಒತ್ತಿ ನಿಂತಿದ್ದ ಮುದುಕ ಕೆಂಪೇರಿದ ಮುಖ ತಿರುಗಿಸಿ ನೋಡುತ್ತಿದ್ದ. ಉಸಿರು ಹಿಡ್ಕೊಳ್ಳಿ ಎಂದು ಹೇಳಿ, ಚಿತ್ರ ತೆಗೆದು, ಬಿಡಿ ಎನ್ನುವುದನ್ನು ಅವನು ಮರೆತಿದ್ದ. ಇಷ್ಟು ವರ್ಷದ ಕೆಲಸದಲ್ಲಿ ಹಾಗೆ ಮರೆತದ್ದು ಇದೇ ಮೊದಲು.

"ಬಿಡಿ ತಾತ, ಬಿಡಿ. ತಪ್ಪಾಯ್ತು."

"ಬಿಟ್ಟಾಯ್ತು. ನೀನು ಹೇಳ್ತೀಯ ಅಂತ ಕಾದಿದ್ರೆ ಪೂರ್ತಿಯಾಗೇ ಬಿಡಬೇಕಾಗಿತ್ತು."

ಅವತ್ತು ಸಂಜೆ ಭಾವನ ಕಚೇರಿಯಿಂದ ವಿಚಾರಣೆಯ ಅಧಿಕಾರಿ ಮನೆಗೆ ಬರುವವರಿದ್ದರು. ಬಂದು ಭಾವನನ್ನಲ್ಲ, ಇವನನ್ನು ಪ್ರಶ್ನಿಸುವವರಿದ್ದರು. ಇವನು ಕೊಡುವ ಉತ್ತರದ ಮೇಲೆ ಭಾವನ ಕೆಲಸ ನಿಂತಿತ್ತು.

ಭಾವ ಉಪಗ್ರಹಗಳನ್ನು ಕಟ್ಟುವ ಕಚೇರಿಯಲ್ಲಿ ಎಂಜಿನಿಯರು. ಎತ್ತರದ ಗೋಡೆ, ಎರಡು ಗೇಟು, ಕೊರಳಿಗೆ ಕಾರ್ಡು. ಒಳಗೆ ಏನು ಮಾಡುತ್ತಾರೆಂದು ಮನೆಯಲ್ಲಿ ಯಾರೂ ಕೇಳುವಂತಿರಲಿಲ್ಲ. ಅಕ್ಕ ಅದನ್ನೇ ತಮಾಷೆ ಮಾಡಿಕೊಂಡಿದ್ದಳು. "ಮಧ್ಯಾಹ್ನ ಏನು ತಿಂದ್ರಿ ಅಂತ ಕೇಳಿದ್ರೂ ಮೇಲಿನವರ ಅಪ್ಪಣೆ ಬೇಕು ಅಂತಾರೆ ಇವರು. ಮದುವೆಗೆ ಯಾರ ಅಪ್ಪಣೆ ತಗೊಂಡಿದ್ರೋ ಕಾಣೆ." ಭಾವ ನಗುತ್ತಿದ್ದರು. ಉಳಿದ ವಿಷಯಗಳಲ್ಲಿ ಅವರು ಬಾಯಿ ಬಡುಕರೇ. ಹೇಳಬಾರದ್ದೊಂದು ಹೊಟ್ಟೆಯಲ್ಲಿದ್ದುದರಿಂದಲೋ ಏನೋ, ಹೇಳಬಹುದಾದ್ದನ್ನೆಲ್ಲ ಎರಡೆರಡು ಸಲ ಹೇಳುತ್ತಿದ್ದರು.

ಇವನು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿದ್ದ. ಮದುವೆಯಾಗಿರಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಹೊಟ್ಟೆಪಾಡು, ಮುಸ್ಸಂಜೆಯಲ್ಲಿ ಉಪಗ್ರಹಗಳ ಫೋಟೋ ತೆಗೆಯುವುದು ಗೀಳು. ಕೋಣೆಯ ಮುಂದೆಯೇ ತಾರಸಿ. ಮೂರು ಕಾಲಿನ ಸ್ಟ್ಯಾಂಡು, ಹಳೆಯ ಕ್ಯಾಮೆರಾ, ಅದಕ್ಕೊಂದು ಉದ್ದನೆಯ ಲೆನ್ಸು. ಆಕಾಶದ ಒಂದು ತುಂಡಿಗೆ ಗುರಿಯಿಟ್ಟು, ಕ್ಯಾಮೆರಾದ ಕಣ್ಣನ್ನು ಹತ್ತು ಸೆಕೆಂಡು ತೆರೆದಿಟ್ಟರೆ ನಕ್ಷತ್ರಗಳು ಚುಕ್ಕಿಗಳಾಗಿ ಮೂಡುತ್ತವೆ, ಸರಿಯುವ ಉಪಗ್ರಹ ಗೆರೆಯಾಗಿ ಮೂಡುತ್ತದೆ. ಗೆರೆಯ ತುದಿಗಳು ಯಾವ ನಕ್ಷತ್ರದಿಂದ ಎಷ್ಟು ದೂರದಲ್ಲಿವೆ ಎಂದು ಅಳೆದು, ಅದು ಯಾವ ಗಳಿಗೆ ಎಂದು ಬರೆದರೆ, ಆ ಉಪಗ್ರಹ ಯಾವುದೆಂದು ಹೇಳಬಹುದು. ಬಹುಪಾಲು ಉಪಗ್ರಹಗಳ ದಾರಿ ಎಲ್ಲರಿಗೂ ತೆರೆದ ಪಟ್ಟಿಯಲ್ಲಿರುತ್ತದೆ. ಕೆಲವು ಇರುವುದಿಲ್ಲ. ಹಾರಿಸಿದವರು ಅವುಗಳ ಸುದ್ದಿಯೆತ್ತುವುದಿಲ್ಲ. ಅಂಥವನ್ನು ಇವನು ಬೇನಾಮಿಗಳು ಎಂದು ಕರೆಯುತ್ತಿದ್ದ. ಬೇರೆ ಬೇರೆ ದೇಶಗಳಲ್ಲಿ ಇವನಂಥದ್ದೇ ಗೀಳಿನ ಹತ್ತಿಪ್ಪತ್ತು ಜನ ಸೇರಿ, ಒಬ್ಬರು ಅಳೆದದ್ದನ್ನು ಇನ್ನೊಬ್ಬರಿಗೆ ಕಳಿಸಿಕೊಂಡು, ಬೇನಾಮಿಗಳ ಜಾಡು ಹಿಡಿಯುತ್ತಿದ್ದರು. ಆ ಬಳಗದ ಹಿರಿಯ, ಒಂದು ಕಾಲದಲ್ಲಿ ಹಡಗು ನಡೆಸಿದ್ದವನು. ಅವನಿಗೆ ಹಡಗಿನಜ್ಜ ಎಂದು ಇವನೇ ಹೆಸರಿಟ್ಟಿದ್ದ.

ಭಾವ ಇದನ್ನು ಎಂದೂ ಬೇಡ ಅಂದವರಲ್ಲ. ಕಚೇರಿಗೆ ಮೊದಲೇ ಬರೆದು ತಿಳಿಸಿದ್ದರು ಕೂಡ: ನನ್ನ ಹೆಂಡತಿಯ ತಮ್ಮನಿಗೆ ಹೀಗೊಂದು ಹವ್ಯಾಸವಿದೆ ಎಂದು. ಕಚೇರಿಯವರು ನಕ್ಕು ಸುಮ್ಮನಾಗಿದ್ದರು. ಸಂಜೆ ತಾರಸಿಗೆ ಬಂದು, "ಏನು ಗಗನರಾಯ, ಇವತ್ತು ಯಾವ ತಗಡಿನ ಡಬ್ಬ ಬೀಳುತ್ತೆ ನಿನ್ನ ಬಲೆಗೆ?" ಎಂದು ರೇಗಿಸುವುದು ಭಾವನಿಗೆ ದಿನದ ರೂಢಿ.

ಆ ಭಾನುವಾರವೂ ಹಾಗೇ ಬಂದಿದ್ದರು. ಕೈಯಲ್ಲಿ ಟೀ ಲೋಟ. ಅಕ್ಕ ಕೆಳಗಿನಿಂದ ಕೂಗಿ ಹೇಳಿದ್ದಕ್ಕೆ ಲೋಟವನ್ನು ಮೋಟುಗೋಡೆಯ ಮೇಲಿಟ್ಟು, ಹಗ್ಗದ ಮೇಲೆ ಒಣಗಿದ ಬಟ್ಟೆ ತೆಗೆದು ಮಡಿಸುತ್ತಿದ್ದರು. ಇವನು ಸ್ಟ್ಯಾಂಡು ಬಿಡಿಸುತ್ತ, ಮಾತಿಗೆ ಮಾತು ಸೇರಿಸಲೆಂದು, ಕೇಳಿದ.

"ನಾಳೆಯಿಂದ ಹೊಸ ಜಾಗ ಹುಡುಕಬೇಕು ಭಾವ. ಉತ್ತರಕ್ಕೆ ಇಡಲಾ?"

"ಇಡು. ಮೂರನೇ ಮಹಡಿಯವರು ಏನು ಅಡುಗೆ ಮಾಡಿದ್ರು ಅಂತಾದ್ರೂ ತಿಳಿಯುತ್ತೆ."

"ನೆತ್ತಿಗೆ?"

"ಕತ್ತು ಹಿಡ್ಕೊಂಡ್ರೆ ಎಣ್ಣೆ ತಿಕ್ಕೋಕೆ ನಿಮ್ಮಕ್ಕ ಬರಲ್ಲ, ನಾನೇ ಬರಬೇಕು."

"ಪೂರ್ವಕ್ಕೆ?"

"ಚಂದ್ರ ಬರ್ತಾನೆ ಅಡ್ಡ. ಅವನ ಫೋಟೋ ಎಲ್ಲರ ಹತ್ರಾನೂ ಇದೆ."

"ಹಾಗಾದ್ರೆ ದಕ್ಷಿಣಾನೇ ಗತಿ. ಆ ನೀರಿನ ಟ್ಯಾಂಕಿನ ಮೇಲ್ಗಡೆ, ವೃಶ್ಚಿಕ ರಾಶಿಯ ಚೇಳಿನ ಬಾಲದ ಹತ್ರ."

ಭಾವ ಒಂದು ಅಂಗಿಯ ತೋಳುಗಳನ್ನು ಒಳಕ್ಕೆ ಮಡಿಸಿದ್ದರು. ಅದನ್ನು ಬಿಡಿಸಿದರು. ಮತ್ತೆ ಮಡಿಸಿದರು.

"ಕೆಳಗೆ ಟೀ ಉಳಿದಿದೆಯಾ ನೋಡ್ತೀನಿ," ಎಂದು ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದರು. ಅವರ ಲೋಟ ಮೋಟುಗೋಡೆಯ ಮೇಲೆ ಇತ್ತು. ಅದರಲ್ಲಿ ಅರ್ಧ ಟೀ ಹಾಗೇ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ಗಮನಿಸುತ್ತಿರಲಿಲ್ಲ. ಆದರೆ ಇವನು ಹಗಲೆಲ್ಲ ಕೂರುವುದು ಎಕ್ಸ್‌ರೇ ಓದುವ ಡಾಕ್ಟರ ಪಕ್ಕದಲ್ಲಿ. ಆಕೆಗೆ ಚಿತ್ರ ನೋಡುವಾಗ ಮೂಗಿನಲ್ಲೇ ಏನೋ ಗುನುಗುವ ಅಭ್ಯಾಸ. ಪಕ್ಕೆಲುಬು, ಗುನುಗು. ಹೃದಯ, ಗುನುಗು. ಎಲ್ಲೋ ಒಂದು ಕಡೆ ಗುನುಗು ನಿಲ್ಲುತ್ತದೆ. ಆಕೆ ಏನೂ ಹೇಳುವುದಿಲ್ಲ, ಕೈ ತೋರಿಸುವುದೂ ಇಲ್ಲ. ಆದರೆ ಗುನುಗು ನಿಂತ ಜಾಗದಲ್ಲಿ ಕಾಯಿಲೆ ಇದೆಯೆಂದು ಇವನಿಗೆ ಗೊತ್ತು. ಹೊರಗೆ ಬೆಂಚಿನ ಮೇಲೆ ಕೂತವರು "ಏನಾದ್ರೂ ಇದೆಯಾ ಅಣ್ಣ?" ಎಂದು ಕೇಳಿದರೆ "ಡಾಕ್ಟರು ಹೇಳ್ತಾರೆ" ಎನ್ನುವುದೂ ಇವನಿಗೆ ಗೊತ್ತು. ಮಾತು ನಿಂತ ಜಾಗವನ್ನು ಗುರುತು ಹಾಕಿಕೊಳ್ಳುವುದು, ಗುರುತು ಹಾಕಿಕೊಂಡದ್ದನ್ನು ನುಂಗಿಕೊಳ್ಳುವುದು, ಇವೆರಡೇ ಅವನು ಸಂಬಳಕ್ಕೆ ಕಲಿತ ವಿದ್ಯೆ.

ಮಾರನೆಯ ಸಂಜೆ ಕ್ಯಾಮೆರಾ ದಕ್ಷಿಣಕ್ಕಿತ್ತು. ಅದರ ಮಾರನೆಯ ಸಂಜೆಯೂ. ಆಮೇಲೊಂದು ದಿನ ಗೆರೆ ಸಿಕ್ಕಿತು. ತೆಳ್ಳಗೆ, ಬರಿಗಣ್ಣಿಗೆ ಕಾಣದಷ್ಟು ಮಂಕಾಗಿ ಹೋಗಿದ್ದ ಯಾವುದೋ ವಸ್ತುವಿನ ಗೆರೆ. ಪಟ್ಟಿಯಲ್ಲಿದ್ದ ಯಾವುದಕ್ಕೂ ಹೊಂದಲಿಲ್ಲ. ಅವನು ಕುಣಿದಾಡಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಅಳೆದು ಬಳಗಕ್ಕೆ ಕಳಿಸಿದ. ಭಾವನ ಮುಖ ಕಣ್ಣ ಮುಂದೆ ಬರಲಿಲ್ಲವೇ ಎಂದರೆ, ಬಂದಿತ್ತು. ಇದು ಅವರದ್ದೇ ಎಂದು ಯಾರು ಕಂಡವರು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಉಳಿದವರೂ ಹುಡುಕಿದರು, ಸಿಕ್ಕಿತು. ಅದರ ದಾರಿ ಲೆಕ್ಕಕ್ಕೆ ಬಂತು. ಎಲ್ಲಿಂದ, ಯಾವಾಗ ಹಾರಿರಬೇಕು ಎಂಬುದೂ ಬಂತು: ಭಾವನ ಕಚೇರಿಯಲ್ಲಿ ಕಟ್ಟಿದ್ದೇ ಅದು. ಒಂದು ಪತ್ರಿಕೆ ಅದನ್ನು ಬರೆಯಿತು, ಮೊದಲು ಕಂಡವರು ಯಾರೆಂದು ಹೆಸರು ಸಮೇತ. ವಾರ ಕಳೆಯುವುದರೊಳಗೆ ಭಾವನ ಕೊರಳಿನ ಕಾರ್ಡನ್ನು ಗೇಟಿನಲ್ಲೇ ತೆಗೆದಿಟ್ಟುಕೊಂಡು, ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಿ ಎಂದರು.

ಅಕ್ಕ ಅವತ್ತು ಮೆಟ್ಟಿಲು ಹತ್ತಿ ಬಂದಳು. ಕೂಗಾಡಲಿಲ್ಲ. ಬಾಗಿಲಿಗೆ ಒರಗಿ ನಿಂತು ಹೇಳಿದಳು.

"ಬೇರೆಯವರ ತಮ್ಮಂದಿರು ಕುಡೀತಾರೆ, ಇಸ್ಪೀಟಾಡ್ತಾರೆ. ನನ್ನ ತಮ್ಮ ಆಕಾಶ ನೋಡ್ತಾನೆ, ನಾನು ಪುಣ್ಯವಂತೆ ಅಂದ್ಕೊಂಡಿದ್ದೆ. ನೀನು ಕುಡಿದಿದ್ರೇ ಚೆನ್ನಾಗಿತ್ತು ಕಣೋ. ಬೆಳಗ್ಗೆ ಹೊತ್ತಿಗೆ ಇಳೀತಿತ್ತು."

"ಅಕ್ಕ, ಭಾವ ನನಗೆ ಏನೂ ಹೇಳಿಲ್ಲ."

"ಅದು ನನಗೆ ಗೊತ್ತು. ಅವರು ನನಗೇ ಹೇಳಲ್ಲ, ನಿನಗೆ ಹೇಳ್ತಾರಾ? ಕಚೇರಿಯವರಿಗೆ ಗೊತ್ತಾಗೋ ಹಾಗೆ ಹೇಳು."

ವಿಚಾರಣೆಯ ಸಂಜೆ ಆಸ್ಪತ್ರೆಯಿಂದ ಅವನು ಬರುವ ಹೊತ್ತಿಗೆ ಅಧಿಕಾರಿ ಬಂದು ಕೂತಿದ್ದರು. ನೆಗಡಿಯಾಗಿದ್ದ, ನಿಧಾನ ಸ್ವಭಾವದ ಮನುಷ್ಯ. ಅಕ್ಕ ಟೀ ಕೊಟ್ಟಿದ್ದಳು. ಭಾವ ಒಳಕೋಣೆಯಲ್ಲಿದ್ದರು. ಹೊರಗೆ ಬರಬಾರದೆಂದು ಅಧಿಕಾರಿ ಹೇಳಿದ್ದರಂತೆ. ತಮ್ಮದೇ ಮನೆಯಲ್ಲಿ ಭಾವ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿರುವುದು ಗೋಡೆಯಾಚೆಯಿಂದ ತಿಳಿಯುತ್ತಿತ್ತು.

"ನನಗೆ ಓದಿ ತಿಳಿಯಲ್ಲ," ಎಂದರು ಅಧಿಕಾರಿ. "ನೀವು ಹೇಗೆ ಮಾಡ್ತೀರೋ ಅದನ್ನ ಮಾಡಿ ತೋರಿಸಿ."

ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ತಾರಸಿಯ ನೆಲ ಇನ್ನೂ ಬೆಚ್ಚಗಿತ್ತು. ಅವನು ಸ್ಟ್ಯಾಂಡು ನಿಲ್ಲಿಸಿದ, ಕಾಲುಗಳಿಗೆ ಇಟ್ಟಿಗೆ ಒತ್ತು ಕೊಟ್ಟ, ಲೆನ್ಸನ್ನು ಟ್ಯಾಂಕಿನ ಮೇಲಕ್ಕೆ ತಿರುಗಿಸಿದ. ಪಟ್ಟಿಯಲ್ಲಿರುವ ಹಳೆಯ ರಾಕೆಟ್ಟಿನ ತುಂಡೊಂದು ಆ ಕಡೆ ಬರುವುದಿತ್ತು. ಅದನ್ನೇ ಹಿಡಿದು ತೋರಿಸುತ್ತೇನೆಂದ. ಕೈಯಲ್ಲಿ ಒಂದು ರಟ್ಟಿನ ತುಂಡಿತ್ತು.

"ಅದು ಯಾಕೆ?"

"ಗೆರೆಗೆ ಎರಡು ತುದಿ ಇರುತ್ತೆ ಸರ್. ಯಾವ ಕಡೆಯಿಂದ ಬಂತು, ಯಾವ ಕಡೆ ಹೋಯ್ತು ಅಂತ ಚಿತ್ರ ಹೇಳಲ್ಲ. ಅದಕ್ಕೆ ಕ್ಯಾಮೆರಾ ಕಣ್ಣು ಬಿಟ್ಟ ಸ್ವಲ್ಪಕ್ಕೇ ಈ ರಟ್ಟನ್ನ ಲೆನ್ಸಿನ ಮುಂದೆ ಒಂದು ಸಲ ಆಡಿಸ್ತೀನಿ. ಗೆರೆಯಲ್ಲಿ ಅಲ್ಲಿ ಒಂದು ಬಿರುಕು ಬೀಳುತ್ತೆ. ಬಿರುಕಿಗೆ ಹತ್ತಿರ ಇರೋ ತುದಿ ಮೊದಲಿಂದು."

"ನಾನು ಆಡಿಸ್ಲಾ?"

ಅಧಿಕಾರಿಯೇ ರಟ್ಟು ಆಡಿಸಿದರು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಚಿತ್ರ ಮೂಡಿತು: ಒಂದಷ್ಟು ಚುಕ್ಕಿ, ಒಂದು ಗೆರೆ, ಗೆರೆಯ ಒಂದು ತುದಿಯ ಬಳಿ ಸಣ್ಣ ಬಿರುಕು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಮೂಗು ಒರೆಸಿಕೊಂಡರು.

"ಸುಲಭಾನೇ ಇದೆ," ಎಂದರು. "ಆಕಾಶ ಮಾತ್ರ ದೊಡ್ಡದು. ನಿಮ್ಮ ಲೆನ್ಸಿಗೆ ಕಾಣೋದು ಒಂದು ಕೈಬೆರಳಿನ ಅಗಲ. ಅವತ್ತು ಇಲ್ಲಿಗೇ ಯಾಕೆ ಇಟ್ರಿ?"

ಬಂತು. ಬೆಳಗ್ಗಿನಿಂದ ಕಾದಿದ್ದ ಪ್ರಶ್ನೆ ಬಂದಾಗ ಅವನಿಗೆ ಭಯವಾಗಲಿಲ್ಲ. ಎಕ್ಸ್‌ರೇ ಹಲಗೆಯ ಮುದುಕನ ಹಾಗೆ ಎದೆಯಲ್ಲಿ ಉಸಿರು ಕಟ್ಟಿ ನಿಂತಿತು, ಅಷ್ಟೇ. ಉತ್ತರಕ್ಕೆ ದೀಪ, ಪಡುವಣಕ್ಕೆ ಮರ, ನೆತ್ತಿ ಮುಗಿದಿತ್ತು, ಪೂರ್ವಕ್ಕೆ ಚಂದ್ರ, ಎಂದು ಒಂದೊಂದಾಗಿ ಹೇಳಿದ. ಹೇಳುತ್ತ ಒಂದೊಂದೇ ದಿಕ್ಕಿಗೆ ಕೈ ತೋರಿಸಿದ. ಅಧಿಕಾರಿ ಒಂದೊಂದೇ ದಿಕ್ಕಿಗೆ ತಿರುಗಿ ನೋಡಿದರು. ದೀಪಗಳಿದ್ದವು. ಮರವಿತ್ತು.

"ನಿಮ್ಮ ಭಾವ ಇದರ ಬಗ್ಗೆ ಏನಾದ್ರೂ ಹೇಳಿದ್ರಾ?"

"ಇಲ್ಲ ಸರ್. ಒಂದು ಮಾತೂ ಹೇಳಲಿಲ್ಲ."

"ಬರೆದು? ಕೈ ತೋರಿಸಿ?"

"ಇಲ್ಲ."

ಎರಡೂ ನಿಜ. ನಿಜ ಹೇಳುವಾಗ ಇಷ್ಟು ಕಷ್ಟವಾಗಬಹುದೆಂದು ಅವನಿಗೆ ತಿಳಿದಿರಲಿಲ್ಲ.

ಅಧಿಕಾರಿ ಮೋಟುಗೋಡೆಗೆ ಒರಗಿದರು. ಭಾವ ಲೋಟ ಇಟ್ಟಿದ್ದ ಜಾಗಕ್ಕೆ ಸರಿಯಾಗಿ. "ಇನ್ನೊಂದು ಕೇಳ್ತೀನಿ. ನಿಮ್ಮ ಬಳಗದವರು ಒಬ್ಬರಿಗೊಬ್ಬರು ಬರೆದದ್ದನ್ನ ನಾನು ನೋಡಿದೆ, ಎಲ್ಲ ಬಹಿರಂಗವಾಗೇ ಇದೆಯಲ್ಲ. ನೀವು ಮೊದಲು ಕಳಿಸಿದ್ದರಲ್ಲಿ ಅದು ದಕ್ಷಿಣದಿಂದ ಉತ್ತರಕ್ಕೆ ಏರಿತು ಅಂತಿದೆ. ಆಮೇಲೆ ಯಾರೋ ಹಿರಿಯರು ತಿದ್ದಿದ್ದಾರೆ."

ಅವನಿಗೆ ಹಡಗಿನಜ್ಜ ಬರೆದದ್ದು ನೆನಪಿತ್ತು: ಮಗೂ, ನಿನ್ನ ಉಪಗ್ರಹ ಮನೆಗೆ ಹಿಮ್ಮುಖವಾಗಿ ನಡೆದು ಹೋಗ್ತಿದೆ, ಗೆರೆಯನ್ನ ತಿರುಗಿಸಿ ನೋಡು. ಬಳಗದವರೆಲ್ಲ ಎರಡು ದಿನ ನಕ್ಕಿದ್ದರು. ಹೊಸಬರು ಮಾಡುವ ತಪ್ಪು ಅದು. ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಮಾಡಿರಲಿಲ್ಲ.

"ಹೌದು ಸರ್. ತುದಿ ಅದಲುಬದಲು ಮಾಡಿದ್ದೆ."

"ಹೇಗೆ?"

"ಅವತ್ತು ರಟ್ಟು ಆಡಿಸೋದು ತಡ ಆಗಿತ್ತು. ಬಿರುಕು ಕೊನೆಯ ತುದಿ ಹತ್ರ ಬಿದ್ದಿತ್ತು. ನಾನು ರೂಢಿ ಪ್ರಕಾರ ಅದನ್ನೇ ಮೊದಲು ಅಂತ ಅಳೆದುಬಿಟ್ಟೆ. ಅದರ ಮುಂದಿನ ಚಿತ್ರ ತೆಗೆಯೋಷ್ಟರಲ್ಲಿ ಅದು ಲೆನ್ಸಿನಿಂದ ಆಚೆ ಹೋಗಿತ್ತು, ಹಾಗಾಗಿ ಗೊತ್ತಾಗಲಿಲ್ಲ."

ಅಧಿಕಾರಿ ನಕ್ಕರು. ಬಂದಾಗಿನಿಂದ ಅದೇ ಮೊದಲ ನಗು. "ನೋಡಿ, ನನ್ನ ಮೇಲಿನವರಿಗೆ ನಾನು ಹೇಳೋದು ಇಷ್ಟೇ. ಒಳಗಿನವರು ಯಾರಾದ್ರೂ ನಿಮಗೆ ಸುದ್ದಿ ಕೊಟ್ಟಿದ್ರೆ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತಾದ್ರೂ ಹೇಳಿರ್ತಿದ್ರು. ಗೊತ್ತಿದ್ದವನು ಈ ತಪ್ಪು ಮಾಡಲ್ಲ. ಈ ನಿಮ್ಮ ಪೆದ್ದುತನ ಇದೆಯಲ್ಲ, ನಿಮ್ಮ ಭಾವನನ್ನ ಉಳಿಸ್ತು."

ಕೆಳಗಿಳಿಯುವಾಗ ಅವರು ಅಕ್ಕನಿಗೂ ಅದನ್ನೇ ಹೇಳಿದರು. ಅಕ್ಕ ಲೋಟ ಎತ್ತಿಕೊಳ್ಳುತ್ತ, "ಅವನು ಚಿಕ್ಕಂದಿನಿಂದ ಹಾಗೇ. ಚಪ್ಪಲೀನೂ ಅದಲುಬದಲೇ ಹಾಕ್ಕೊಳ್ತಿದ್ದ," ಎಂದಳು.

ಅವನು ತಾರಸಿಯಲ್ಲೇ ಉಳಿದ. ರಟ್ಟಿನ ತುಂಡು ಇನ್ನೂ ಕೈಯಲ್ಲಿತ್ತು. ಅವತ್ತು ರಟ್ಟು ತಡವಾದದ್ದು ಯಾಕೆಂದು ಅಧಿಕಾರಿ ಕೇಳಲಿಲ್ಲ. ಬೇರೆ ದಿನಗಳಲ್ಲಿ ಅವನು ಕ್ಯಾಮೆರಾದ ಪಕ್ಕ ನಿಂತು ರಟ್ಟು ಆಡಿಸುತ್ತಿದ್ದ, ಆಕಾಶದಲ್ಲಿ ಏನಾದರೂ ಇರಬಹುದು, ಇಲ್ಲದಿರಬಹುದು ಎಂಬ ನಿರಾಳದಲ್ಲಿ. ಆ ಸಂಜೆಗಳಲ್ಲಿ ಮಾತ್ರ, ಅಲ್ಲಿ ಏನೋ ಇದ್ದೇ ಇದೆ ಎಂದು ಗೊತ್ತಿದ್ದವನ ಹಾಗೆ, ರಟ್ಟನ್ನು ಮರೆತು ಟ್ಯಾಂಕಿನ ಮೇಲಿನ ಕತ್ತಲನ್ನೇ ನೋಡುತ್ತ ನಿಂತಿದ್ದ. ಗೊತ್ತಿದ್ದವನು ಈ ತಪ್ಪು ಮಾಡುವುದಿಲ್ಲ ಎಂದರು ಅವರು. ಗೊತ್ತಿಲ್ಲದೆ ಇದ್ದಿದ್ದರೆ ಅವನು ಈ ತಪ್ಪು ಮಾಡುತ್ತಿರಲಿಲ್ಲ.

ಭಾವನನ್ನು ಕೆಲಸಕ್ಕೆ ಮತ್ತೆ ಕರೆದರು. ಕಾರ್ಡು ಕೊರಳಿಗೆ ಬಂತು. ಅದರ ಬಣ್ಣ ಮಾತ್ರ ಬೇರೆ; ಕಟ್ಟಡದ ಹಿಂಬದಿಯ ಯಾವುದೋ ವಿಭಾಗವಂತೆ. ಅಕ್ಕ ಮೊದಲಿನ ತಮಾಷೆಯನ್ನು ಒಂದೆರಡು ಸಲ ಹೇಳಿ ನೋಡಿದಳು. ಭಾವ ನಗುವ ಮುಂಚೆ ಒಂದು ಚಣ ತಡೆಯುತ್ತಿದ್ದರು, ಈ ಮಾತಿಗೆ ನಗಬಹುದೇ ಎಂದು ಯಾರನ್ನೋ ಕೇಳಿಕೊಳ್ಳುವವರ ಹಾಗೆ. ಊಟಕ್ಕೆ ಕೂತರೆ ತಟ್ಟೆಯ ಸದ್ದು ಮಾತ್ರ. "ಮನೆಯಲ್ಲಿ ಯಾರಾದ್ರೂ ಸತ್ತಿದ್ದಾರಾ ಅಂತ ಕೇಳಿದೆ. ಅದಕ್ಕೂ ಉತ್ತರ ಇಲ್ಲ," ಎಂದು ಅಕ್ಕ ಅವನ ಹತ್ತಿರ ದೂರಿದಳು. "ನಿದ್ದೇಲಿ ಏನಾದ್ರೂ ಬಡಬಡಿಸ್ತೀನಾ ಅಂತ ನನ್ನನ್ನ ಕೇಳ್ತಾರೆ ಕಣೋ."

ಅವನು ತಾರಸಿಗೆ ಕ್ಯಾಮೆರಾ ತರುವುದನ್ನು ಬಿಟ್ಟಿದ್ದ. ಒಂದು ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಭಾವ ಮೇಲೆ ಬಂದರು. ಕೈಯಲ್ಲಿ ಲೋಟವಿರಲಿಲ್ಲ. ಹಗ್ಗದ ಇನ್ನೊಂದು ತುದಿಯಿಂದ ತಾವೂ ತೆಗೆಯತೊಡಗಿದರು. ನಡುವೆ ಒಂದು ಹೊದಿಕೆ ತೂಗುತ್ತಿತ್ತು. ಅದರ ಆಚೆಯಿಂದ ದನಿ ಬಂತು.

"ಒಂದು ಕೇಳ್ತೀನಿ. ನಿಜ ಹೇಳು. ಅವತ್ತು ಹೀಗೇ ಬಟ್ಟೆ ಮಡಿಸ್ತಾ ಇದ್ನಲ್ಲ, ನಾನೇನಾದ್ರೂ ಬಾಯಿ ಬಿಟ್ನಾ?"

"ಯಾಕೆ ಭಾವ?"

"ನೆನಪು ಮಾಡ್ಕೊಳ್ತೀನಿ, ಸಿಗಲ್ಲ. ಚಂದ್ರ ಅಂದೆ, ಎಣ್ಣೆ ಅಂದೆ. ಆಮೇಲೆ ಏನೋ ಅಂದಿರಬೇಕು ಅನ್ನಿಸುತ್ತೆ. ಅವರು ನನ್ನನ್ನ ಬಿಟ್ರು. ನನಗೇ ನನ್ನನ್ನ ಬಿಡೋಕಾಗ್ತಿಲ್ಲ. ಇಷ್ಟು ವರ್ಷ ಬಾಯಿ ಕಟ್ಕೊಂಡು ಬದುಕಿದೀನಿ, ಅದೊಂದೇ ನನ್ನ ಹತ್ರ ಇದ್ದದ್ದು."

ಹೊದಿಕೆಯ ಈಚೆ ಅವನ ಬಾಯಿಗೆ ಎರಡು ಉತ್ತರ ಬಂದವು. ಅಂದಿರಲಿಲ್ಲ ಎಂಬುದು ಒಂದು. ಅನ್ನದೆ ಇದ್ದಿರಿ, ಅದನ್ನೇ ನಾನು ಕೇಳಿಸಿಕೊಂಡೆ ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿದರೆ ಈ ಮನುಷ್ಯ ಮತ್ತೆ ಮಾತಾಡಿಯಾನು. ಎರಡನೆಯದನ್ನು ಕೇಳಿದರೆ, ಸುಮ್ಮನಿರುವುದಕ್ಕೂ ತನಗೆ ಬರುವುದಿಲ್ಲವೆಂದು ತಿಳಿದುಹೋಗುತ್ತದೆ. ಆಮೇಲೆ ಅವರಿಗೆ ಮಾತೂ ಇಲ್ಲ, ಮೌನವೂ ಇಲ್ಲ.

"ಇಲ್ಲ ಭಾವ," ಎಂದ. "ನೀವು ಏನೂ ಹೇಳಲಿಲ್ಲ."

"ಆಣೆ?"

"ಆಣೆ."

ಹೊದಿಕೆಯ ಆಚೆ ಭಾವ ಉಸಿರು ಬಿಟ್ಟದ್ದು ಕೇಳಿಸಿತು, ಯಾರೋ ಹಿಡಿದುಕೋ ಎಂದು ಹೇಳಿ ಮರೆತು ಹೋಗಿದ್ದ ಉಸಿರಿನ ಹಾಗೆ. ಆಮೇಲೆ ಹೊದಿಕೆಯನ್ನು ಹಗ್ಗದಿಂದ ಎಳೆದು, ತಮ್ಮ ಕಡೆಯ ಎರಡು ಮೂಲೆ ತಾವು ಹಿಡಿದು, ಉಳಿದೆರಡನ್ನು ಅವನ ಕೈಗೆ ಕೊಟ್ಟರು.

"ಡಬ್ಬ ಹಿಡಿಯೋದು ಯಾಕೆ ನಿಲ್ಲಿಸಿದೀಯ ಗಗನರಾಯ? ಆ ಮೂರನೇ ಮಹಡಿಯವರು ನಿನ್ನ ಕ್ಯಾಮೆರಾ ಇಲ್ಲ ಅಂತ ಅಡುಗೇನೇ ಬಿಟ್ಟಿದ್ದಾರಂತೆ."

ಅವನು ನಕ್ಕ. ಇಬ್ಬರೂ ಸೇರಿ ಹೊದಿಕೆ ಮಡಿಸಿದರು. ಮಾರನೆಯ ಸಂಜೆ ಅವನು ಸ್ಟ್ಯಾಂಡನ್ನು ಹೊರಗೆ ತಂದ. ಲೆನ್ಸನ್ನು ಉತ್ತರಕ್ಕೆ, ಕಣ್ಣು ಕುಕ್ಕುವ ಆ ದೀಪಗಳ ಕಡೆಗೇ ಇಟ್ಟ. ಅಲ್ಲಿ ಏನೂ ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಭಾವ ಟೀ ಲೋಟ ಹಿಡಿದು ಬಂದು, ಎಲ್ಲ ದಿಕ್ಕಿನ ಬಗ್ಗೆಯೂ ಏನಾದರೊಂದು ಹೇಳಿ ನಗಿಸಿದರು. ದಕ್ಷಿಣದ ಬಗ್ಗೆಯೂ ಹೇಳಿದರು.

ಆ ಭಾನುವಾರ ಅವರ ತಮಾಷೆ ಎಲ್ಲಿ ನಿಂತಿತೋ ಅಲ್ಲಿಗೇ ತಾನು ಕ್ಯಾಮೆರಾ ತಿರುಗಿಸಿದ್ದೆ ಎಂಬುದನ್ನು ಅವನು ಭಾವನಿಗೆ ಯಾವತ್ತೂ ಹೇಳಲಿಲ್ಲ.